ಮುಕ್ತ ತಂತ್ರಾಂಶದಲ್ಲಿ ದಾಖಲೀಕರಣ: ನಂಪೈ ಲೈಬ್ರರಿಯನ್ನು ಕುರಿತ ಒಂದು ಚಾರಿತ್ರಿಕ ವಿವೇಚನೆ

ಪೀಠಿಕೆ

ದಾಖಲೀಕರಣ ಎಂಬ ಮಾತು ಕನ್ನಡದ ಜಾನಪದ ಅಧ್ಯಯನಕ್ಕೆ ಹೊಸದಲ್ಲ. ಹಾಡುಗಾರರ ನಾಲಿಗೆಯ ಮೇಲಿರುವುದನ್ನು, ಕುಶಲಕರ್ಮಿಗಳ ಕೈಯಲ್ಲಿರುವುದನ್ನು, ನಾಟಿವೈದ್ಯರ ನೆನಪಿನಲ್ಲಿರುವುದನ್ನು ಬರಹಕ್ಕೂ ಧ್ವನಿಮುದ್ರಣಕ್ಕೂ ಇಳಿಸುವ ಕಾರ್ಯವನ್ನು ವಿದ್ವಾಂಸರು ಈ ಹೆಸರಿನಿಂದಲೇ ಕರೆಯುತ್ತ ಬಂದಿದ್ದಾರೆ. ಗಣಕಶಾಸ್ತ್ರವೂ ಇದೇ ಮಾತನ್ನು ಬಳಸುತ್ತದೆ. ಅಲ್ಲಿ ದಾಖಲೀಕರಣವೆಂದರೆ ಒಂದು ತಂತ್ರಾಂಶ ಏನು ಮಾಡುತ್ತದೆ, ಅದನ್ನು ಹೇಗೆ ಬಳಸಬೇಕು, ಎಲ್ಲಿ ಎಚ್ಚರದಿಂದಿರಬೇಕು ಎಂಬುದನ್ನು ತಿಳಿಸುವ ಬರಹ. ಎರಡು ದೂರದ ಕ್ಷೇತ್ರಗಳು ಒಂದೇ ಪದವನ್ನು ಹಂಚಿಕೊಂಡಿರುವುದು ಆಕಸ್ಮಿಕವೆಂದು ತೋರಬಹುದು. ಆದರೆ ಎರಡರ ಹಿಂದೆಯೂ ಇರುವ ಆತಂಕ ಒಂದೇ. ಬಲ್ಲವರು ಇಲ್ಲವಾದಾಗ ಅವರು ಬಲ್ಲ ವಿದ್ಯೆ ಏನಾಗುತ್ತದೆ ಎಂಬುದೇ ಆ ಆತಂಕ.

ಮುಕ್ತ ತಂತ್ರಾಂಶದ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಅದರ ಆಕರ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಬಾಗಿಲು ತೆರೆದೇ ಇದೆ. ಆದರೆ ತೆರೆದ ಬಾಗಿಲಿನ ಮನೆಯೊಳಗೆ ದೀಪವಿಲ್ಲದಿದ್ದರೆ ಹೊಸಬರಿಗೆ ಅದು ತೆರೆದಿದ್ದೂ ಪ್ರಯೋಜನವಿಲ್ಲ. ಸಂಕೇತದ ಮುಕ್ತತೆ ಕಾನೂನಿನ ಸಂಗತಿ. ಅದರ ಅರಿವಿನ ಮುಕ್ತತೆ ದಾಖಲೀಕರಣದ ಸಂಗತಿ. ಈ ಎರಡರ ನಡುವಿನ ಅಂತರವನ್ನು ಒಂದು ಸಮುದಾಯ ಹೇಗೆ ಕಂಡುಕೊಂಡಿತು ಮತ್ತು ಹೇಗೆ ಕಿರಿದುಗೊಳಿಸಿತು ಎಂಬುದನ್ನು ನಂಪೈ ಎಂಬ ಲೈಬ್ರರಿಯ ಚರಿತ್ರೆಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಲೈಬ್ರರಿ ಮತ್ತು ಅದರ ಬಳಕೆದಾರ

ಪ್ರೋಗ್ರಾಂ ಬರೆಯುವವರ ಪರಿಭಾಷೆಯಲ್ಲಿ ಲೈಬ್ರರಿ ಎಂದರೆ ಪುಸ್ತಕ ಭಂಡಾರವಲ್ಲ. ಪದೇ ಪದೇ ಬೇಕಾಗುವ ಕೆಲಸಗಳನ್ನು ಒಮ್ಮೆ ಸರಿಯಾಗಿ ಬರೆದಿಟ್ಟು, ಉಳಿದವರು ತಮ್ಮ ಪ್ರೋಗ್ರಾಂಗಳಿಂದ ಕರೆದು ಬಳಸಿಕೊಳ್ಳುವಂತೆ ಮಾಡಿದ ಸಂಗ್ರಹವನ್ನು ಹಾಗೆ ಕರೆಯುತ್ತಾರೆ. ಆ ಸಂಗ್ರಹದ ಒಂದೊಂದು ಘಟಕವನ್ನು ಫಂಕ್ಷನ್ ಎನ್ನುವುದು ರೂಢಿ. ಅದಕ್ಕೆ ಕೆಲವು ಮೌಲ್ಯಗಳನ್ನು ಕೊಟ್ಟರೆ ಅದು ಒಂದು ಫಲಿತವನ್ನು ಹಿಂತಿರುಗಿಸುತ್ತದೆ. ಒಳಗೆ ಏನು ನಡೆಯಿತೆಂಬುದನ್ನು ಬಳಕೆದಾರ ನೋಡಬೇಕಾಗಿಲ್ಲ. ಲೈಬ್ರರಿಯ ಅನುಕೂಲವೇ ಅದು. ಅಪಾಯವೂ ಅಲ್ಲಿಯೇ ಇದೆ.

ನಂಪೈ ಎಂಬುದು ಪೈಥಾನ್ ಭಾಷೆಯಲ್ಲಿ ಸಂಖ್ಯೆಗಳ ದೊಡ್ಡ ದೊಡ್ಡ ಸಾಲುಗಳನ್ನೂ ಕೋಷ್ಟಕಗಳನ್ನೂ ವೇಗವಾಗಿ ಲೆಕ್ಕ ಹಾಕಲು ನೆರವಾಗುವ ಮುಕ್ತ ಲೈಬ್ರರಿ. ಈ ಸಂಖ್ಯಾಸಮೂಹಗಳಿಗೆ ಅರೇ ಎಂದು ಹೆಸರು. ಖಗೋಳ ವಿಜ್ಞಾನ, ಜೀವವಿಜ್ಞಾನ, ಅರ್ಥಶಾಸ್ತ್ರ ಮೊದಲಾದ ಕ್ಷೇತ್ರಗಳ ಲೆಕ್ಕಾಚಾರ ಇದನ್ನು ಆಧರಿಸಿದೆ. 2019ರಲ್ಲಿ ಪ್ರಕಟವಾದ ಕಪ್ಪುಕುಳಿಯ ಮೊದಲ ಚಿತ್ರವನ್ನು ರೂಪಿಸಿದ ತಂತ್ರಾಂಶಗಳಲ್ಲಿಯೂ ನಂಪೈ ಇತ್ತು.

ಇಂಥ ಲೈಬ್ರರಿಯಲ್ಲಿ ಬರಹದ ಕೊರತೆ ಎಂಥ ಪರಿಣಾಮ ಬೀರಬಲ್ಲದು ಎಂಬುದಕ್ಕೆ ಒಂದು ಸಣ್ಣ ನಿದರ್ಶನ ಸಾಕು. 2, 4, 4, 4, 5, 5, 7, 9 ಎಂಬ ಎಂಟು ಸಂಖ್ಯೆಗಳ ಮಾನಕ ವಿಚಲನೆಯನ್ನು ಕಂಡುಹಿಡಿಯಬೇಕೆಂದಿಟ್ಟುಕೊಳ್ಳಬಹುದು. ಇವುಗಳ ಸರಾಸರಿ 5. ಸರಾಸರಿಯಿಂದ ಒಂದೊಂದು ಸಂಖ್ಯೆಗಿರುವ ವ್ಯತ್ಯಾಸವನ್ನು ವರ್ಗಮಾಡಿ ಕೂಡಿದರೆ 32 ಬರುತ್ತದೆ. ಇದನ್ನು 8ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಉತ್ತರ 2. ಆದರೆ ಈ ಎಂಟು ಸಂಖ್ಯೆಗಳು ದೊಡ್ಡದೊಂದು ಸಮೂಹದಿಂದ ಆಯ್ದ ಮಾದರಿಯಾಗಿದ್ದರೆ ಸಂಖ್ಯಾಶಾಸ್ತ್ರದ ರೂಢಿಯಂತೆ 7ರಿಂದ ಭಾಗಿಸಬೇಕು. ಆಗ ಉತ್ತರ ಸುಮಾರು 2.14. ನಂಪೈಯ ಫಂಕ್ಷನ್ ಬೇರೆ ಸೂಚನೆ ಇಲ್ಲದಿದ್ದರೆ 8ರಿಂದ ಭಾಗಿಸುತ್ತದೆ. ಅದರ ಮೇಲೆಯೇ ಕಟ್ಟಿದ ಪಾಂಡಾಸ್ ಎಂಬ ಇನ್ನೊಂದು ಲೈಬ್ರರಿಯ ಅದೇ ಹೆಸರಿನ ಫಂಕ್ಷನ್ 7ರಿಂದ ಭಾಗಿಸುತ್ತದೆ. ಎರಡರಲ್ಲಿ ಯಾವುದೂ ತಪ್ಪಲ್ಲ, ಯಾವುದೂ ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ. ಎರಡೂ ಸದ್ದಿಲ್ಲದೆ ಒಂದು ಉತ್ತರವನ್ನು ಕೊಡುತ್ತವೆ. ಈ ಭೇದವನ್ನು ಬಳಕೆದಾರನಿಗೆ ತಿಳಿಸಬಲ್ಲದ್ದು ಫಂಕ್ಷನ್ನಿನ ಜೊತೆಗಿರುವ ಬರಹವೊಂದೇ. ಅದು ಇಲ್ಲದಿದ್ದರೆ ತಪ್ಪು ಸಂಖ್ಯೆಯೊಂದು ಸಂಶೋಧನ ಪ್ರಬಂಧದೊಳಗೆ ಸೇರಿ ಅಲ್ಲಿಯೇ ಉಳಿದುಬಿಡಬಹುದು.

ಪೂರ್ವ ಪರಂಪರೆ

ನಂಪೈಯ ದಾಖಲೀಕರಣಕ್ಕೆ ಹಿನ್ನೆಲೆಯಾಗಿ ಒಂದು ದೀರ್ಘ ಪರಂಪರೆ ಇದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅವರು ರೂಪಿಸಿದ ಯುನಿಕ್ಸ್ ವ್ಯವಸ್ಥೆಯ ಕೈಪಿಡಿಯ ಮೊದಲ ಆವೃತ್ತಿ 1971ರ ನವೆಂಬರ್ 3ರ ದಿನಾಂಕವನ್ನು ಹೊತ್ತಿದೆ. ಅದರಲ್ಲಿ ಏಳು ವಿಭಾಗಗಳಿದ್ದು, ಪ್ರೋಗ್ರಾಂ ಬರೆಯುವವರು ಕರೆದು ಬಳಸುವ ಘಟಕಗಳಿಗೆ ಮೂರನೆಯ ವಿಭಾಗ ಮೀಸಲಾಗಿತ್ತು. ಪ್ರತಿಯೊಂದು ಪುಟವೂ ಒಂದೇ ಧಾಟಿಯಲ್ಲಿ ಸಾಗುತ್ತಿತ್ತು: ಹೆಸರು, ಬಳಸುವ ಬಗೆ, ವಿವರಣೆ, ಸಂಬಂಧಿಸಿದ ಇತರ ಪುಟಗಳು, ಕೊನೆಗೆ ದೋಷಗಳು. ತಾವು ಮಾಡಿದ ವಸ್ತುವಿನಲ್ಲಿ ಉಳಿದಿರುವ ಕುಂದುಗಳನ್ನು ತಾವೇ ಬರೆದು ಹೇಳುವ ಈ ಪ್ರಾಮಾಣಿಕತೆ ಗಮನಾರ್ಹವಾದುದು. ಆ ಪುಟಗಳಲ್ಲಿ ಒಡೆಯ ಎಂಬ ಶೀರ್ಷಿಕೆಯೂ ಇದ್ದು, ಅದರ ಕೆಳಗೆ ಹೊಣೆಗಾರರ ಹೆಸರಿನ ಸಂಕ್ಷೇಪ ಇರುತ್ತಿತ್ತು. ಸಂದೇಹ ಬಂದರೆ ಯಾರನ್ನು ಕೇಳಬೇಕು ಎಂಬುದು ಅದರಿಂದ ತಿಳಿಯುತ್ತಿತ್ತು. ಬಲ್ಲವರು ಪಕ್ಕದ ಕೋಣೆಯಲ್ಲಿಯೇ ಇರುವ ಕಾಲದ ವ್ಯವಸ್ಥೆ ಅದು.

1984ರಲ್ಲಿ ಡೊನಾಲ್ಡ್ ಕ್ನೂತ್ ಅವರು ಪ್ರೋಗ್ರಾಂ ಎಂಬುದು ಯಂತ್ರಕ್ಕೆ ಕೊಡುವ ಆಜ್ಞೆಗಿಂತ ಹೆಚ್ಚಾಗಿ ಮನುಷ್ಯನಿಗೆ ಕೊಡುವ ವಿವರಣೆಯಾಗಬೇಕೆಂದು ವಾದಿಸಿ, ಸಂಕೇತವನ್ನೂ ವಿವರಣೆಯನ್ನೂ ಒಂದೇ ಬರಹದಲ್ಲಿ ಹೆಣೆಯುವ ಕ್ರಮವನ್ನು ಮುಂದಿಟ್ಟರು. ಆ ಕ್ರಮ ಪೂರ್ಣರೂಪದಲ್ಲಿ ಹೆಚ್ಚು ಜನರನ್ನು ತಲುಪಲಿಲ್ಲ. ಆದರೆ ವಿವರಣೆ ಸಂಕೇತದ ಹತ್ತಿರವೇ ಇರಬೇಕು ಎಂಬ ತಿಳಿವಳಿಕೆ ಉಳಿದುಕೊಂಡಿತು. ಸ್ವತಂತ್ರ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್ಮನ್ ಅವರು ಇನ್ನೊಂದು ಕಡೆಯಿಂದ ಈ ಪ್ರಶ್ನೆಯನ್ನು ಎತ್ತಿದರು. ತಂತ್ರಾಂಶ ಸ್ವತಂತ್ರವಾಗಿದ್ದು ಅದರ ಕೈಪಿಡಿ ಮಾತ್ರ ಪ್ರಕಾಶಕರ ಹಕ್ಕಿನಲ್ಲಿ ಬಂಧಿಯಾಗಿದ್ದರೆ, ತಂತ್ರಾಂಶವನ್ನು ತಿದ್ದಿದವರು ಅದಕ್ಕೆ ತಕ್ಕಂತೆ ಕೈಪಿಡಿಯನ್ನು ತಿದ್ದಲಾರರು ಎಂಬುದು ಅವರ ವಾದ. ಇದರ ಫಲವಾಗಿ 2000ದಲ್ಲಿ ಬರಹಗಳಿಗೆಂದೇ ಗ್ನೂ ಮುಕ್ತ ದಾಖಲೀಕರಣ ಪರವಾನಗಿ ಹೊರಬಂದಿತು.

ಪೈಥಾನ್ ಭಾಷೆಯು ಈ ಪರಂಪರೆಗೆ ತನ್ನದೇ ಒಂದು ರೂಪವನ್ನು ಕೊಟ್ಟಿತು. ಲಿಸ್ಪ್ ಭಾಷೆಯಲ್ಲಿ ಮೊದಲೇ ರೂಢಿಯಲ್ಲಿದ್ದ ಡಾಕ್‌ಸ್ಟ್ರಿಂಗ್ ಎಂಬ ಪದ್ಧತಿಯನ್ನು ಅದು ಅಳವಡಿಸಿಕೊಂಡಿತು. ಇದರಂತೆ ಫಂಕ್ಷನ್ನಿನ ಮೊದಲ ಸಾಲುಗಳಲ್ಲಿಯೇ ಅದರ ವಿವರಣೆಯನ್ನು ಬರೆದಿಡಬಹುದು; ಬಳಕೆದಾರ ಕೇಳಿದಾಗ ಗಣಕ ಅದನ್ನು ತೆರೆಯ ಮೇಲೆ ತೋರಿಸುತ್ತದೆ. ಇದನ್ನು ಹೇಗೆ ಬರೆಯಬೇಕೆಂಬ ಸಾಮಾನ್ಯ ನಿಯಮಗಳು 2001ರಲ್ಲಿ ರೂಪುಗೊಂಡವು. ಅದೇ ವರ್ಷ ಭಾಷೆಯ ಭಾಗವಾದ, ಟಿಮ್ ಪೀಟರ್ಸ್ ಅವರ ಡಾಕ್‌ಟೆಸ್ಟ್ ಎಂಬ ಸಾಧನ ವಿವರಣೆಯೊಳಗಿನ ಉದಾಹರಣೆಗಳನ್ನು ನಿಜವಾಗಿ ನಡೆಸಿ, ಬರೆದಿರುವ ಉತ್ತರವೇ ಬರುತ್ತದೆಯೇ ಎಂದು ಪರೀಕ್ಷಿಸುತ್ತಿತ್ತು. ಬರಹ ಹಳತಾಗಿ ಸುಳ್ಳಾಗುವುದನ್ನು ಹಿಡಿದು ತೋರಿಸುವ ಉಪಾಯವಿದು.

ನಂಪೈಯ ಹುಟ್ಟು ಮತ್ತು ಕೈಪಿಡಿಯ ಪ್ರಶ್ನೆ

ನಂಪೈಗೆ ಪೂರ್ವಜರಿಬ್ಬರು. 1995ರಲ್ಲಿ ಪೈಥಾನ್ ಬಳಕೆದಾರರ ಒಂದು ಗುಂಪಿನ ಚರ್ಚೆಯಿಂದ ಜಿಮ್ ಹ್ಯೂಗುನಿನ್ ಅವರ ನ್ಯೂಮರಿಕ್ ಎಂಬ ಲೈಬ್ರರಿ ರೂಪುಗೊಂಡಿತು. ಡೇವಿಡ್ ಆಷರ್ ಮೊದಲಾದವರು ಇದಕ್ಕೆ ಬರೆದ ಕೈಪಿಡಿಯನ್ನು ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯ ಪ್ರಕಟಿಸಿತು. ಮುಂದೆ ಬಾಹ್ಯಾಕಾಶ ದೂರದರ್ಶಕ ವಿಜ್ಞಾನ ಸಂಸ್ಥೆಯವರು ದೊಡ್ಡ ಚಿತ್ರಗಳ ಸಂಸ್ಕರಣೆಗಾಗಿ ನ್ಯೂಮ್‌ಅರೇ ಎಂಬ ಇನ್ನೊಂದು ಲೈಬ್ರರಿಯನ್ನು ಕಟ್ಟಿದರು. ಬಳಕೆದಾರರ ಸಮುದಾಯ ಎರಡಾಗಿ ಒಡೆಯಿತು. 2005ರಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಅಧ್ಯಾಪಕರಾಗಿದ್ದ ಟ್ರಾವಿಸ್ ಆಲಿಫಂಟ್ ಅವರು ಎರಡನ್ನೂ ಒಂದುಗೂಡಿಸುವ ಕೆಲಸವನ್ನು ಕೈಗೆತ್ತಿಕೊಂಡರು. 2006ರ ಅಕ್ಟೋಬರಿನಲ್ಲಿ ನಂಪೈಯ 1.0 ಆವೃತ್ತಿ ಬಿಡುಗಡೆಯಾಯಿತು.

ಸಂಕೇತ ಒಂದಾಯಿತು. ಆದರೆ ಅದರ ಅರಿವು ಬಹುಪಾಲು ಒಬ್ಬರ ತಲೆಯಲ್ಲಿಯೇ ಇತ್ತು. ಆಲಿಫಂಟ್ ಅವರು ನಂಪೈಯನ್ನು ಕುರಿತು ವಿಸ್ತಾರವಾದ ಮಾರ್ಗದರ್ಶಿಯೊಂದನ್ನು ಬರೆದರು. ಲೈಬ್ರರಿಯನ್ನು ಉಚಿತವಾಗಿ ಕೊಟ್ಟ ಅವರು ಈ ಪುಸ್ತಕವನ್ನು ಮಾತ್ರ ಬೆಲೆಗೆ ಮಾರಿದರು. ನಿಗದಿಯಾದ ಮೊತ್ತ ಸಂಗ್ರಹವಾದ ಮೇಲೆ ಅಥವಾ ಗೊತ್ತುಪಡಿಸಿದ ಅವಧಿ ಮುಗಿದ ಮೇಲೆ ಅದೂ ಮುಕ್ತವಾಗುವುದೆಂದು ಮೊದಲೇ ಪ್ರಕಟಿಸಿದ್ದರು. ಈ ಏರ್ಪಾಡನ್ನು ಎರಡು ಬಗೆಯಲ್ಲಿ ನೋಡಲು ಸಾಧ್ಯವಿದೆ. ದುಡಿಮೆಯ ಕಾಲವನ್ನೆಲ್ಲ ಸಮುದಾಯಕ್ಕೆ ಕೊಟ್ಟವರಿಗೆ ಬರಹದಿಂದಾದರೂ ಪ್ರತಿಫಲ ಬೇಡವೇ ಎಂಬುದು ಒಂದು ನೋಟ. ವಸ್ತುವನ್ನು ಬಯಲಲ್ಲಿಟ್ಟು ಅದರ ಮರ್ಮವನ್ನು ಪೆಟ್ಟಿಗೆಯಲ್ಲಿಟ್ಟರೆ ಅದು ಪೂರ್ತಿ ಮುಕ್ತವಾದೀತೇ ಎಂಬುದು ಇನ್ನೊಂದು ನೋಟ. ಎರಡರಲ್ಲಿಯೂ ನ್ಯಾಯವಿದೆ. ಆ ಪುಸ್ತಕ 2008ರಲ್ಲಿ, ಕೊನೆಯ ಅವಧಿಗೂ ಮುನ್ನವೇ, ಸಾರ್ವಜನಿಕ ಸ್ವತ್ತಾಯಿತು. ಅದರ ಭಾಗಗಳು ಲೈಬ್ರರಿಯ ಅಧಿಕೃತ ಬರಹದೊಳಗೆ ಸೇರಿಕೊಂಡವು.

2008ರ ದಾಖಲೀಕರಣ ಯೋಜನೆ

ಅದೇ ವರ್ಷ ಬೇರೊಂದು ದಿಕ್ಕಿನಿಂದ ಇನ್ನೂ ದೊಡ್ಡ ಪ್ರಯತ್ನ ಆರಂಭವಾಯಿತು. ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ಗ್ರಹವಿಜ್ಞಾನಿ ಜೋಸೆಫ್ ಹ್ಯಾರಿಂಗ್ಟನ್ ಅವರು 2007ರಲ್ಲಿ ಖಗೋಳ ದತ್ತಾಂಶಗಳ ವಿಶ್ಲೇಷಣೆಯನ್ನು ಕಲಿಸುವ ತರಗತಿಯಲ್ಲಿ ನಂಪೈಯನ್ನು ಬಳಸಿದರು. ವಿದ್ಯಾರ್ಥಿಗಳು ಒಂದು ಫಂಕ್ಷನ್ನಿನ ವಿವರಣೆಯನ್ನು ಕೇಳಿದರೆ ಎಷ್ಟೋ ಕಡೆ ಒಂದೆರಡು ಸಾಲಿನ ಸಂಕ್ಷಿಪ್ತ ಟಿಪ್ಪಣಿ ಮಾತ್ರ ದೊರೆಯುತ್ತಿತ್ತು. ಬಲ್ಲವನಿಗೆ ನೆನಪು ಮಾಡಿಕೊಡುವಷ್ಟು, ಅರಿಯದವನಿಗೆ ಕಲಿಸಲಾರದಷ್ಟು.

ಸ್ವಯಂಸೇವೆಯಿಂದ ನಡೆಯುವ ಸಮುದಾಯದಲ್ಲಿ ಈ ಕೊರತೆ ತಾನಾಗಿಯೇ ತುಂಬುವುದಿಲ್ಲ. ಪ್ರತಿಯೊಬ್ಬರೂ ತಮಗೆ ಬೇಕಾದುದನ್ನು ಮಾಡಿಕೊಳ್ಳುತ್ತಾರೆ. ಫಂಕ್ಷನ್ ಬರೆದವರಿಗೆ ಅದರ ವಿವರಣೆ ಬೇಕಾಗುವುದಿಲ್ಲ, ಏಕೆಂದರೆ ಅವರಿಗೆ ಅದು ಗೊತ್ತಿದೆ. ವಿವರಣೆ ಬೇಕಾದ ಹೊಸಬರು ಅದನ್ನು ಬರೆಯಲಾರರು, ಏಕೆಂದರೆ ಅವರಿಗೆ ಅದು ಗೊತ್ತಿಲ್ಲ. ಈ ಎರಡು ದಡಗಳ ನಡುವೆ ಯಾರಾದರೂ ಸೇತುವೆ ಕಟ್ಟಬೇಕಾಗಿತ್ತು. ಹ್ಯಾರಿಂಗ್ಟನ್ ಅವರು 2008ರ ಬೇಸಿಗೆಯಲ್ಲಿ ಈ ಕೆಲಸಕ್ಕೆಂದೇ ದಕ್ಷಿಣ ಆಫ್ರಿಕದ ಸ್ಟೆಲೆನ್‌ಬಾಶ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೆಫಾನ್ ವಾನ್ ಡೆರ್ ವಾಲ್ಟ್ ಅವರನ್ನು ಸಂಯೋಜಕರನ್ನಾಗಿ ನೇಮಿಸಿಕೊಂಡರು. ಸಮುದಾಯದ ಉಳಿದವರನ್ನು ದಾಖಲೀಕರಣದ ಮಹಾ ಓಟವೊಂದಕ್ಕೆ ಆಹ್ವಾನಿಸಲಾಯಿತು.

ಈ ಯೋಜನೆಯ ಯಶಸ್ಸಿಗೆ ಕಾರಣವಾದ ಮೂರು ಅಂಶಗಳನ್ನು ಪ್ರತ್ಯೇಕವಾಗಿ ಗುರುತಿಸಬಹುದು. ಮೊದಲನೆಯದು ಧಾಟಿಯ ನಿಗದಿ. ಪ್ರತಿಯೊಂದು ವಿವರಣೆಯೂ ಒಂದು ಸಾಲಿನ ಸಾರಾಂಶದಿಂದ ತೊಡಗಬೇಕು. ಬಳಿಕ ವಿಸ್ತೃತ ವಿವರಣೆ, ಫಂಕ್ಷನ್ ಬಯಸುವ ಮೌಲ್ಯಗಳು, ಹಿಂತಿರುಗಿಸುವ ಫಲಿತ, ಉಂಟಾಗಬಹುದಾದ ದೋಷಗಳು, ಸಂಬಂಧಿಸಿದ ಇತರ ಫಂಕ್ಷನ್‌ಗಳು, ಟಿಪ್ಪಣಿ, ಆಕರಗಳು, ಕೊನೆಯಲ್ಲಿ ಉದಾಹರಣೆಗಳು ಇದೇ ಅನುಕ್ರಮದಲ್ಲಿ ಬರಬೇಕು. ಬರೆಯುವವರು ಅನೇಕರಾದರೂ ಓದುವವರಿಗೆ ಏನನ್ನು ಎಲ್ಲಿ ಹುಡುಕಬೇಕೆಂದು ಇದರಿಂದ ಗೊತ್ತಾಗುತ್ತದೆ. ಹೇಗೆ ಆರಂಭಿಸಬೇಕೆಂದು ತಿಳಿಯದೆ ಹಿಂಜರಿಯುವ ಹೊಸ ಬರಹಗಾರರಿಗೂ ಇದು ಊರುಗೋಲಾಯಿತು. ಮೇಲೆ ಹೇಳಿದ ಮಾನಕ ವಿಚಲನೆಯ ಭೇದವನ್ನು ಇಂದಿನ ಓದುಗ ಕಾಣುವುದು ಈ ಧಾಟಿಯ ಟಿಪ್ಪಣಿ ಭಾಗದಲ್ಲಿಯೇ.

ಎರಡನೆಯದು ಪ್ರವೇಶದ ಸುಲಭತೆ. ಅದುವರೆಗೆ ಒಂದು ಅಕ್ಷರವನ್ನು ತಿದ್ದಬೇಕಾದರೂ ಆಕರ ಸಂಕೇತದ ಭಂಡಾರವನ್ನು ಮುಟ್ಟುವ ಅಧಿಕಾರ ಬೇಕಾಗಿತ್ತು, ಇಲ್ಲವೇ ಅಧಿಕಾರವುಳ್ಳವರ ನೆರವು ಬೇಕಾಗಿತ್ತು. ಪೌಲಿ ವಿರ್ಟಾನೆನ್ ಮತ್ತು ಇಮ್ಯಾನುಯೆಲ್ ಗುಯಾರ್ ಅವರು ರೂಪಿಸಿದ ವಿಕಿ ಈ ಕಟ್ಟನ್ನು ಸಡಿಲಿಸಿತು. ಅದು ನಂಪೈಯ ವಿವರಣೆಗಳನ್ನೆಲ್ಲ ಜಾಲಪುಟಗಳನ್ನಾಗಿ ತೋರಿಸುತ್ತಿತ್ತು. ಹೆಸರು ನೋಂದಾಯಿಸಿಕೊಂಡವರು ಅಲ್ಲಿಯೇ ತಿದ್ದಬಹುದಾಗಿತ್ತು. ತಿದ್ದುಪಡಿಗಳು ಪರಿಶೀಲನೆಯ ಅನಂತರ ಆಕರ ಸಂಕೇತದೊಳಗೆ ಸೇರುತ್ತಿದ್ದವು. ಒಂದೊಂದು ವಿವರಣೆಗೂ ಸ್ಥಿತಿಸೂಚಕ ಇತ್ತು. ಬರೆಯಬೇಕಾಗಿದೆ, ಬರೆಯಲಾಗುತ್ತಿದೆ, ಪರಿಶೀಲನೆಗೆ ಸಿದ್ಧವಾಗಿದೆ, ಪರಿಶೀಲಿಸಲಾಗಿದೆ, ಕರಡು ತಿದ್ದಲಾಗಿದೆ ಎಂಬ ಹಂತಗಳಲ್ಲಿ ಬರಹ ಮುಂದೆ ಸಾಗುತ್ತಿತ್ತು. ಎಷ್ಟು ಕೆಲಸ ಮುಗಿದಿದೆ, ಎಷ್ಟು ಉಳಿದಿದೆ ಎಂಬುದು ಎಲ್ಲರ ಕಣ್ಣಿಗೂ ಕಾಣುವಂತಿತ್ತು.

ಮೂರನೆಯದು ಮನ್ನಣೆ. 1000 ಪದಗಳನ್ನು ಬರೆದವರಿಗೆ, ಅಥವಾ ಅದಕ್ಕೆ ಸಮನಾದ ಪರಿಶೀಲನೆಯ ಕೆಲಸ ಮಾಡಿದವರಿಗೆ ಒಂದು ಟೀ ಶರ್ಟನ್ನು ಕೊಡುವ ಏರ್ಪಾಡಿತ್ತು. ಬಹುಮಾನ ಚಿಕ್ಕದು. ಆದರೆ ಸಂಕೇತ ಬರೆಯುವವರಿಗೆ ಮಾತ್ರ ಕೀರ್ತಿ ಸಲ್ಲುತ್ತಿದ್ದ ಸಮುದಾಯದಲ್ಲಿ ವಿವರಣೆ ಬರೆಯುವುದೂ ಎಣಿಕೆಗೆ ಬರುವ ಕೆಲಸವೆಂದು ಅದು ಬಹಿರಂಗವಾಗಿ ಒಪ್ಪಿಕೊಂಡಿತು. ಪರಿಶೀಲನೆಯನ್ನೂ ಬರವಣಿಗೆಗೆ ಸಮವೆಂದು ಎಣಿಸಿದ್ದು ಇನ್ನೂ ವಿವೇಕದ ಮಾತು.

ಕಟ್ಟುವ ಸಾಧನ

ಬರೆದುದನ್ನು ಓದಲು ಯೋಗ್ಯವಾದ ರೂಪಕ್ಕೆ ತರುವುದನ್ನು ಈ ಕ್ಷೇತ್ರದವರು ದಾಖಲೆಯನ್ನು ಕಟ್ಟುವುದು ಎನ್ನುತ್ತಾರೆ. ಪೈಥಾನ್ ಭಾಷೆಯ ಅಧಿಕೃತ ಬರಹ ಬಹುಕಾಲ ಲೇಟೆಕ್ ಎಂಬ ಮುದ್ರಣ ಪದ್ಧತಿಯಲ್ಲಿತ್ತು. ಅದನ್ನು ಬಲ್ಲವರು ಮಾತ್ರ ಕೈಯಿಡಬಹುದಾಗಿತ್ತು. ಗಿಯೋರ್ಗ್ ಬ್ರಾಂಡ್ಲ್ ಅವರು ಇದನ್ನು ಡೇವಿಡ್ ಗುಡ್ಜರ್ ಅವರು ರೂಪಿಸಿದ್ದ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಸರಳ ಬರವಣಿಗೆಯ ಕ್ರಮಕ್ಕೆ ಪರಿವರ್ತಿಸಿ, ಅದರಿಂದ ಜಾಲಪುಟಗಳನ್ನೂ ಮುದ್ರಣಕ್ಕೆ ಸಿದ್ಧವಾದ ಪುಟಗಳನ್ನೂ ತಯಾರಿಸುವ ಸ್ಫಿಂಕ್ಸ್ ಎಂಬ ಸಾಧನವನ್ನು 2008ರ ಮಾರ್ಚಿಯಲ್ಲಿ ಬಿಡುಗಡೆ ಮಾಡಿದರು. ನಂಪೈಯ ವಿವರಣೆಗಳ ಧಾಟಿಯನ್ನು ಸ್ಫಿಂಕ್ಸ್ ಅರ್ಥಮಾಡಿಕೊಳ್ಳುವಂತೆ ನಂಪೈಡಾಕ್ ಎಂಬ ಜೋಡಣೆಯೂ ಸಿದ್ಧವಾಯಿತು.

ಇದರಿಂದ ಎರಡು ಪರಿಣಾಮಗಳಾದವು. ಒಂದೇ ಬರಹ ಸಂಕೇತದೊಳಗೂ ತೆರೆಯ ಮೇಲೂ ಜಾಲಪುಟದಲ್ಲಿಯೂ ಕಾಣಿಸಿಕೊಳ್ಳುವಂತಾದ್ದರಿಂದ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುವ ತೊಂದರೆ ತಪ್ಪಿತು. ನಂಪೈಯ ಧಾಟಿಯನ್ನು ಸೈಪೈ, ಸೈಕಿಟ್ ಲರ್ನ್, ಪಾಂಡಾಸ್ ಮೊದಲಾದ ಇತರ ಲೈಬ್ರರಿಗಳೂ ಸ್ವೀಕರಿಸಿದವು. ಒಂದು ಲೈಬ್ರರಿಯ ವಿವರಣೆ ಓದಲು ಕಲಿತವರು ಉಳಿದವುಗಳ ಪುಟಗಳಲ್ಲಿಯೂ ದಾರಿ ಕಾಣಬಲ್ಲವರಾದರು.

ಉಲ್ಲೇಖದಿಂದ ಬೋಧನೆಗೆ

2008ರ ಪ್ರಯತ್ನ ಮುಖ್ಯವಾಗಿ ಒಂದೊಂದು ಫಂಕ್ಷನ್ನಿನ ವಿವರಣೆಯನ್ನು ಕುರಿತದ್ದು. ಅದು ನಿಘಂಟಿನ ಕೆಲಸ. ನಿಘಂಟನ್ನು ಮಾತ್ರ ಇಟ್ಟುಕೊಂಡು ಭಾಷೆ ಕಲಿಯುವುದು ಕಷ್ಟ. ಪದವನ್ನು ಬಲ್ಲವರು ಅದರ ಅರ್ಥವನ್ನು ಹುಡುಕಬಹುದು. ಯಾವ ಪದ ಬೇಕೆಂದೇ ತಿಳಿಯದವರು ಏನನ್ನು ಹುಡುಕಬೇಕು? ಉದಾಹರಣೆಗೆ, ಪೈಥಾನ್ ಭಾಷೆಯ ಸಾಮಾನ್ಯ ಪಟ್ಟಿಯಿಂದ ಒಂದು ತುಂಡನ್ನು ತೆಗೆದುಕೊಂಡರೆ ಅದು ಬೇರೆಯದೇ ಒಂದು ಪ್ರತಿ. ಅದನ್ನು ಬದಲಿಸಿದರೆ ಮೂಲಕ್ಕೆ ಧಕ್ಕೆಯಿಲ್ಲ. ನಂಪೈಯ ಅರೇಯಿಂದ ಹಾಗೆ ತೆಗೆದ ತುಂಡು ಮೂಲದ ಮೇಲಿನ ಒಂದು ನೋಟ ಮಾತ್ರ. ತುಂಡನ್ನು ಬದಲಿಸಿದರೆ ಮೂಲವೂ ಬದಲಾಗುತ್ತದೆ. ದೊಡ್ಡ ದತ್ತಾಂಶಗಳನ್ನು ಮತ್ತೆ ಮತ್ತೆ ನಕಲು ಮಾಡುವ ಹೊರೆಯನ್ನು ತಪ್ಪಿಸಲು ಹೀಗೆ ಮಾಡಲಾಗಿದೆ. ಇದು ಯಾವುದೋ ಒಂದು ಫಂಕ್ಷನ್ನಿನ ಗುಣವಲ್ಲ, ಇಡೀ ಲೈಬ್ರರಿಯ ಸ್ವಭಾವ. ಇದನ್ನು ಹೇಳಲು ಬೇರೆಯೇ ಬಗೆಯ ಬರಹ ಬೇಕು.

ಈ ಅರಿವು ನಂಪೈ ಸಮುದಾಯದಲ್ಲಿ 2019ರಿಂದ ಈಚೆಗೆ ಸ್ಪಷ್ಟ ರೂಪವನ್ನು ಪಡೆಯಿತು. ಆ ವರ್ಷ ಗೂಗಲ್ ಸಂಸ್ಥೆ ಆರಂಭಿಸಿದ, ತಾಂತ್ರಿಕ ಬರಹಗಾರರನ್ನು ಮುಕ್ತ ತಂತ್ರಾಂಶಗಳೊಂದಿಗೆ ಜೋಡಿಸುವ ಕಾರ್ಯಕ್ರಮದ ನೆರವಿನಿಂದ ಆರಂಭಿಕರಿಗೆಂದೇ ಒಂದು ಮಾರ್ಗದರ್ಶಿ ಸಿದ್ಧವಾಯಿತು. 2020ರಲ್ಲಿ ರಾಲ್ಫ್ ಗೊಮರ್ಸ್, ಬ್ರೆಜಿಲ್ಲಿನ ಗಣಿತಜ್ಞೆ ಮೆಲಿಸ್ಸಾ ಮೆಂಡೋನ್ಸಾ ಮತ್ತು ಮಾರ್ಸ್ ಲೀ ಅವರು ಒಟ್ಟು ದಾಖಲೆಯನ್ನು ಪುನರ್ರಚಿಸುವ ಪ್ರಸ್ತಾವನೆಯನ್ನು ಮಂಡಿಸಿದರು. ಡೇನಿಯೆಲೆ ಪ್ರೊಸಿಡಾ ಅವರ ವಿಂಗಡಣೆಯನ್ನು ಅನುಸರಿಸಿ ಅದು ಬರಹವನ್ನು ನಾಲ್ಕು ಬಗೆಗಳಾಗಿ ಕಂಡಿತು: ಕೈಹಿಡಿದು ಕಲಿಸುವ ಪಾಠ, ನಿರ್ದಿಷ್ಟ ಕೆಲಸವೊಂದನ್ನು ಮಾಡುವ ವಿಧಾನ, ನಿಖರ ಮಾಹಿತಿಯ ಉಲ್ಲೇಖ, ಹೀಗೇಕೆ ಎಂಬುದರ ವಿವೇಚನೆ. ಈ ನಾಲ್ಕನ್ನು ಒಂದೇ ಪುಟದಲ್ಲಿ ಬೆರೆಸಿದರೆ ಯಾರಿಗೂ ಉಪಯೋಗವಾಗದು. ಕಲಿಯುವವನಿಗೆ ಉಲ್ಲೇಖ ಭಾರವಾಗುತ್ತದೆ. ಹುಡುಕುವವನಿಗೆ ಪಾಠ ಅಡ್ಡಿಯಾಗುತ್ತದೆ.

2024ರ ಜೂನ್‌ನಲ್ಲಿ 2.0 ಆವೃತ್ತಿ ಬಂದಾಗ ದಾಖಲೀಕರಣದ ಇನ್ನೊಂದು ಮುಖ ಗೋಚರಿಸಿತು. 2006ರ ಬಳಿಕ ನಡೆದ ಈ ಮೊದಲ ದೊಡ್ಡ ಬದಲಾವಣೆಯಲ್ಲಿ ಹಳೆಯ ಕೆಲವು ಹೆಸರುಗಳೂ ವರ್ತನೆಗಳೂ ಬಿಟ್ಟುಹೋದವು. ಹಳೆಯ ಪ್ರೋಗ್ರಾಂಗಳನ್ನು ಹೊಸದಕ್ಕೆ ಹೊಂದಿಸಿಕೊಳ್ಳುವ ಬಗೆಯನ್ನು ತಿಳಿಸುವ ಸ್ಥಳಾಂತರ ಮಾರ್ಗದರ್ಶಿಯನ್ನು ಅದರೊಂದಿಗೆ ಕೊಡಲಾಯಿತು. ಹಳೆಯ ಆವೃತ್ತಿಗಳ ವಿವರಣೆಗಳನ್ನೂ ಅಳಿಸದೆ ಉಳಿಸಿಕೊಳ್ಳಲಾಗಿದೆ.

ಜಾನಪದ ದೃಷ್ಟಿಯಿಂದ

ಈ ಚರಿತ್ರೆಯನ್ನು ಜಾನಪದದ ದಾಖಲೀಕರಣದೊಂದಿಗೆ ಹೋಲಿಸಿ ನೋಡಿದರೆ ಸಾಮ್ಯದಷ್ಟೇ ಭೇದಗಳೂ ಎದ್ದು ಕಾಣುತ್ತವೆ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯಕ್ಕಾಗಲಿ ಕಂಸಾಳೆಯವರು ಹಾಡುವ ಮಾದೇಶ್ವರನ ಕಾವ್ಯಕ್ಕಾಗಲಿ ಒಬ್ಬನೇ ಕರ್ತೃ ಇಲ್ಲ. ಹಾಡಿದವರೆಲ್ಲರೂ ಅದನ್ನು ಕಟ್ಟಿದವರೇ. ನಂಪೈಯ ವಿವರಣೆಗಳೂ ಹಾಗೆಯೇ ಅನೇಕ ಕೈಗಳಿಂದ ಆದವು. ಒಂದು ಪುಟದಲ್ಲಿ ಯಾರ ವಾಕ್ಯ ಯಾವುದೆಂದು ಓದುಗನಿಗೆ ತಿಳಿಯುವುದಿಲ್ಲ. ಆದರೆ ಜಾನಪದದಲ್ಲಿ ಪಾಠಾಂತರ ಸಂಪತ್ತು. ಒಬ್ಬ ಗಾಯಕ ಬಿಟ್ಟದ್ದನ್ನು ಇನ್ನೊಬ್ಬ ಸೇರಿಸುತ್ತಾನೆ, ಎರಡೂ ಸರಿ. ಲೈಬ್ರರಿಯ ದಾಖಲೆಯಲ್ಲಿ ಒಂದೇ ಆವೃತ್ತಿಗೆ ಎರಡು ವಿವರಣೆಗಳಿದ್ದರೆ ಒಂದು ತಪ್ಪಾಗಿರಲೇಬೇಕು. ಅಲ್ಲಿ ಪಾಠಾಂತರಕ್ಕೆ ಅವಕಾಶವಿರುವುದು ಕಾಲದಲ್ಲಿ ಮಾತ್ರ, ಒಂದು ಆವೃತ್ತಿಯಿಂದ ಮತ್ತೊಂದಕ್ಕೆ.

ಇನ್ನೊಂದು ಹೋಲಿಕೆ ಹೆಚ್ಚು ಉಪಯುಕ್ತವಾದುದು. 1990ರ ಡಿಸೆಂಬರಿನಲ್ಲಿ ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರಿಂದ ತುಳುವಿನ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ ಮತ್ತು ಅನ್ನೆಲಿ ಹಾಂಕೊ, ಕರ್ನಾಟಕದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಅವರ ತಂಡ ದಾಖಲಿಸಿತು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಪ್ರಕಟವಾದಾಗ ಅದರೊಂದಿಗೆ, ಹಾಡು ಹೇಗೆ ಪಠ್ಯವಾಯಿತು ಎಂಬುದನ್ನೇ ವಿವರಿಸುವ ಹಾಂಕೊ ಅವರ ಪ್ರತ್ಯೇಕ ಗ್ರಂಥವೂ ಹೊರಬಂದಿತು. ಹೇಳಿದವರು ಯಾರು, ಯಾವ ಸಂದರ್ಭದಲ್ಲಿ, ಯಾರ ಮುಂದೆ ಎಂಬುದು ಸೇರದಿದ್ದರೆ ಪಠ್ಯ ಅರ್ಧ ಮಾತ್ರ. ಅಂಥ ಟಿಪ್ಪಣಿಯಿಲ್ಲದ ಧ್ವನಿಸುರುಳಿ ಎಷ್ಟು ಜೋಪಾನವಾಗಿದ್ದರೂ ಮುಂದಿನ ಸಂಶೋಧಕನಿಗೆ ಬಹುಮಟ್ಟಿಗೆ ಮೂಕವೇ. ವಿವರಣೆಯಿಲ್ಲದ ಆಕರ ಸಂಕೇತದ ಸ್ಥಿತಿಯೂ ಅದೇ. ಅದು ಉಳಿದಿರುತ್ತದೆ, ಮಾತಾಡುವುದಿಲ್ಲ.

ಭಾಷೆಯ ಪ್ರಶ್ನೆಯನ್ನೂ ಇಲ್ಲಿ ಮರೆಯಲಾಗದು. ಪೈಥಾನ್ ಸಮುದಾಯ 2017ರಲ್ಲಿ ತನ್ನ ದಾಖಲೆಯ ಅನುವಾದಗಳಿಗೆ ಅಧಿಕೃತ ಚೌಕಟ್ಟನ್ನು ರೂಪಿಸಿತು. ಜಪಾನೀ, ಫ್ರೆಂಚ್, ಕೊರಿಯನ್ ಭಾಷೆಗಳ ಅನುವಾದಗಳು ಮೊದಲಿಗೆ ಅದರೊಳಗೆ ಬಂದವು. ನಂಪೈಯ ಫಂಕ್ಷನ್‌ಗಳ ವಿವರಣೆ ಮಾತ್ರ ಇಂಗ್ಲಿಷಿನಲ್ಲಿಯೇ ಇದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಯ ಪಾಲಿಗೆ ಹ್ಯಾರಿಂಗ್ಟನ್ ಅವರ ತರಗತಿಯ ತೊಂದರೆ ಎರಡು ಪಟ್ಟಾಗುತ್ತದೆ. ವಿಷಯವೂ ಹೊಸದು, ಅದನ್ನು ಹೇಳುವ ನುಡಿಯೂ ಹೊರಗಿನದು. ಕೆಲವು ಪಾಠಗಳನ್ನಾದರೂ ತನ್ನ ನುಡಿಯಲ್ಲಿ ಓದುವಂತಾದಾಗ ಆ ವಿದ್ಯಾರ್ಥಿಗೆ ತೆರೆದ ಬಾಗಿಲು ನಿಜವಾಗಿ ತೆರೆದಂತೆ.

ಉಪಸಂಹಾರ

ನಂಪೈಯ ಚರಿತ್ರೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ದಾಖಲೀಕರಣ ಸದಿಚ್ಛೆಯಿಂದ ಮಾತ್ರ ಆಗುವ ಕೆಲಸವಲ್ಲ. 1995ರಿಂದಲೂ ಆ ಸಮುದಾಯದಲ್ಲಿ ಬಲ್ಲವರಿದ್ದರು, ಉದಾರಿಗಳಿದ್ದರು. ಆದರೂ ಬಲ್ಲುದು ಬರಹವಾದದ್ದು ಬರೆಯುವುದಕ್ಕೆ ಒಂದು ಧಾಟಿ, ಹೊಸಬರು ಕೈಯಿಡಲು ಒಂದು ಜಾಗ, ಬರೆದುದನ್ನು ತಿದ್ದುವವರ ಒಂದು ಸರಣಿ, ಅದಕ್ಕೆಲ್ಲ ಒಬ್ಬ ಹೊಣೆಗಾರ ಹಾಗೂ ಮಾಡಿದವರಿಗೆ ಮನ್ನಣೆ ಇವೆಲ್ಲ ಒಟ್ಟುಗೂಡಿದಾಗ. ಹಾಗೆ ಒಟ್ಟುಗೂಡಿಸಲು ಪ್ರೇರಣೆ ಕೊಟ್ಟದ್ದು ಸಂಕೇತ ಬರೆಯುವವರ ವಲಯವಲ್ಲ, ಕಲಿಸಲು ಹೊರಟು ಕಷ್ಟಪಟ್ಟ ಒಂದು ತರಗತಿ ಎಂಬುದನ್ನು ನೆನಪಿಡಬೇಕು.

ಜಾನಪದದ ಕ್ಷೇತ್ರಕಾರ್ಯಕ್ಕೂ ಇದು ಅನ್ವಯಿಸುವ ಮಾತು. ಸಂಗ್ರಹದ ಮೊತ್ತ ಎಷ್ಟೆಂದು ಎಣಿಸುವುದು ಸುಲಭ. ಮುಂದಿನವನು ಅದನ್ನು ತೆರೆದಾಗ ಏನು ತಿಳಿಯುತ್ತಾನೆ ಎಂದು ಕೇಳಿಕೊಳ್ಳುವುದು ಕಷ್ಟದ ಕೆಲಸ. ನಂಪೈಯ ಬರಹಗಾರರು ಪ್ರತಿ ವಿವರಣೆಯ ಕೊನೆಯಲ್ಲಿ ಒಂದು ಉದಾಹರಣೆಯನ್ನು ಇಡುತ್ತಾರೆ. ಓದುಗ ಅದನ್ನು ತನ್ನ ಗಣಕದಲ್ಲಿ ನಡೆಸಿ ನೋಡಿ, ಹೇಳಿದ್ದು ನಿಜವೇ ಎಂದು ತಾನೇ ಪರೀಕ್ಷಿಸಿಕೊಳ್ಳಬಹುದು. ದಾಖಲೆಯನ್ನು ನಂಬಬೇಕಾದವನ ಕೈಗೆ ಪರೀಕ್ಷೆಯ ಸಾಧನವನ್ನೂ ಕೊಡುವ ಈ ಪದ್ಧತಿ ಯಾವ ಕ್ಷೇತ್ರದ ದಾಖಲೀಕರಣಕ್ಕೂ ಮಾದರಿಯಾಗಬಲ್ಲದು.